ಹೊಟ್ಟೆಯೊಳಗೆ ಪಾಲಿಪ್: ಪಡುಬಿದ್ರಿಯಿಂದ ಮಂಗಳೂರಿಗೆ ಏಳು ತಿಂಗಳ ಓಡಾಟ

ಮೊನ್ನೆ ಮಂಗಳವಾರ ಮೂರನೇ ಸಲ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾದ ಕೊಳವೆ ಇಳಿಸಿ ಹೊಟ್ಟೆಯ ಒಳಗೆ ನೋಡುವುದು) ಮಾಡಿಸಿಕೊಂಡು ಬಂದೆ. ಜೂನ್ ತಿಂಗಳಲ್ಲಿ ಶುರುವಾದ ಓಡಾಟ ಜನವರಿಗೆ ಒಂದು ಹಂತಕ್ಕೆ ಬಂತು. ಫೈಲನ್ನು ಕಪಾಟಿನಲ್ಲಿಡುವ ಮೊದಲು ಇದನ್ನು ಬರೆಯುತ್ತಿದ್ದೇನೆ. ಜುಲೈಯಲ್ಲಿ "ಹೊಟ್ಟೆಯಲ್ಲಿ ಪಾಲಿಪ್ ಉಂಟು", ಅಂದರೆ ಒಳಗೆ ಗಂಟು ಎದ್ದಿದೆ, ಎಂಬ ಮಾತು ಕಿವಿಗೆ ಬಿದ್ದ ರಾತ್ರಿ, ಕನ್ನಡದಲ್ಲಿ ಓದಲು ಏನಾದರೂ ಸಿಗುತ್ತದಾ ಎಂದು ಎರಡು ಗಂಟೆಯವರೆಗೆ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಹೆದರಿಸುವಂಥದ್ದೇ.

ನನಗೆ 49 ವರ್ಷ. ಪಡುಬಿದ್ರಿ ಹತ್ತಿರದ ಒಂದು ಸೊಸೈಟಿಯಲ್ಲಿ ಕ್ಯಾಶಿಯರ್. ನಮ್ಮ ಆಫೀಸು ಮೊದಲ ಮಾಳಿಗೆಯಲ್ಲಿದೆ. ಕಳೆದ ಮೇ ಹೊತ್ತಿಗೆ ಆ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಲ್ಲಬೇಕಾಗುತ್ತಿತ್ತು. ಕೂದಲು ಉದುರುತ್ತಿತ್ತು, ಸಂಜೆಯಾದರೆ ತಲೆ ಭಾರ. ಸೆಖೆಗೆ ಹೀಗಾಗುತ್ತದೆ ಅಂದುಕೊಂಡೆ. ಮಳೆ ಶುರುವಾದ ಮೇಲೂ ಹಾಗೆಯೇ ಇತ್ತು. ಊರಿನ ಡಾಕ್ಟರ್ ರಕ್ತ ಪರೀಕ್ಷೆ ಬರೆದುಕೊಟ್ಟರು. ಹಿಮೋಗ್ಲೋಬಿನ್ 8.4. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಬರೀ 6.

"ಈ ವಯಸ್ಸಿಗೆ ಹೆಂಗಸರಿಗೆ ಇದೆಲ್ಲ ಇದ್ದದ್ದೇ" ಎಂದು ಅತ್ತಿಗೆ ಸಮಾಧಾನ ಹೇಳಿದರು. ಡಾಕ್ಟರ್ ಮಾತ್ರ ಒಪ್ಪಲಿಲ್ಲ. ನನಗೆ ಮುಟ್ಟು ನಿಂತು ಒಂದೂವರೆ ವರ್ಷ ಆಗಿತ್ತು. "ಹಾಗಾದರೆ ರಕ್ತ ಎಲ್ಲಿ ಹೋಗ್ತಾ ಉಂಟು?" ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ನಾನು ಇವತ್ತಿಗೂ ಅವರಿಗೆ ಋಣಿ. ಕಬ್ಬಿಣದ ಮಾತ್ರೆ ಮಾತ್ರ ಬರೆದು ಕಳಿಸಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಲದ ಪರೀಕ್ಷೆ ಮಾಡಿಸಿದರು. ಕಣ್ಣಿಗೆ ಕಾಣದ ರಕ್ತ ಇದೆ ಎಂದು ಬಂತು. ಮಂಗಳೂರಿನ ಹೊಟ್ಟೆ ತಜ್ಞರಿಗೆ ಚೀಟಿ ಕೊಟ್ಟರು.

ಆ ದಿನವೇ ಇನ್ನೊಂದು ವಿಷಯ ಹೊರಬಿತ್ತು. "ದಿನಾ ತೆಗೆದುಕೊಳ್ಳುವ ಮಾತ್ರೆ ಏನಾದರೂ?" ಎಂದು ಕೇಳಿದಾಗ ನಾನು ಇಲ್ಲ ಎಂದೆ. ಪಕ್ಕದಲ್ಲಿದ್ದ ನಮ್ಮ ಮನೆಯವರು "ಗ್ಯಾಸಿನ ಮಾತ್ರೆ?" ಎಂದರು. ಏಳು ವರ್ಷದ ಹಿಂದೆ ಮಂಡಿನೋವಿಗೆ ಮಾತ್ರೆ ನುಂಗುವಾಗ ಹೊಟ್ಟೆ ಉರಿಯದಿರಲಿ ಎಂದು ಪ್ಯಾಂಟೊಪ್ರಜೋಲ್ ಶುರುವಾಗಿತ್ತು. ನೋವಿನ ಮಾತ್ರೆ ಮೂರೇ ತಿಂಗಳಿಗೆ ನಿಂತಿತು. ಗ್ಯಾಸಿನ ಮಾತ್ರೆ ಮಾತ್ರ ಬೆಳಗ್ಗಿನ ಚಹಾದ ಹಾಗೆ ಅಭ್ಯಾಸವಾಯಿತು. ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆಯೇ ಕೊಡುತ್ತಿದ್ದರು. ನನ್ನ ಲೆಕ್ಕದಲ್ಲಿ ಅದು ಮದ್ದೇ ಅಲ್ಲ. ನೀವು ಡಾಕ್ಟರ ಹತ್ತಿರ ಹೋಗುವಾಗ ಹೀಗೆ ಲೆಕ್ಕಕ್ಕೆ ಬಾರದ ಮಾತ್ರೆಗಳ ಪಟ್ಟಿಯನ್ನೂ ಬರೆದುಕೊಂಡು ಹೋಗಿ. ಮುಂದೆ ಅದೇ ದೊಡ್ಡ ವಿಷಯವಾಗುತ್ತದೆ.

ಜುಲೈ ಮೊದಲ ವಾರಕ್ಕೆ ಎಂಡೋಸ್ಕೋಪಿಯ ದಿನ ಸಿಕ್ಕಿತು. ಆರು ಗಂಟೆ ಹೊತ್ತು ಏನೂ ತಿನ್ನಬಾರದು ಎಂದಿದ್ದರು. ರಾತ್ರಿ ಎಂಟಕ್ಕೆ ಗಂಜಿ ಉಂಡು ಮಲಗಿದವಳು, ಬೆಳಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ. ಮುಲ್ಕಿ, ಸುರತ್ಕಲ್, ಕೊಟ್ಟಾರ ಚೌಕಿ ದಾಟಿ ಆಸ್ಪತ್ರೆ ಮುಟ್ಟುವಾಗ ಜೋರು ಮಳೆ. ಕೌಂಟರಿನಲ್ಲಿ ಸಿಸ್ಟರ್ ಕೇಳಿದ ಮೊದಲ ಮಾತು, "ನಿಮ್ಮೊಟ್ಟಿಗೆ ಯಾರೂ ಬಂದಿಲ್ವಾ?" ನಾನು ನಿದ್ದೆ ಬರಿಸುವ ಇಂಜೆಕ್ಷನ್ ಬೇಕು ಎಂದು ಮೊದಲೇ ಹೇಳಿದ್ದೆ. ಅದು ಬೇಕಾದರೆ ಜೊತೆಗೊಬ್ಬರು ಇರಲೇಬೇಕಂತೆ. ಫೋನಿನಲ್ಲಿ ದಿನ ಕೊಟ್ಟವರು ಇದನ್ನು ಹೇಳಿರಲಿಲ್ಲ. ಗಂಟಲಿಗೆ ಸ್ಪ್ರೇ ಮಾತ್ರ ಹಾಕಿ ಮಾಡಬಹುದು ಎಂದರು, ನನಗೆ ಧೈರ್ಯ ಬರಲಿಲ್ಲ. ಒಂದು ದಿನದ ರಜೆ ಹೋಯಿತು, ಹಸಿದ ಹೊಟ್ಟೆಯಲ್ಲಿ ವಾಪಸು ಬಂದೆ. ಮುಂದಿನ ದಿನ ಸಿಕ್ಕಿದ್ದು ಒಂಬತ್ತು ದಿನ ಬಿಟ್ಟು. ಇಂಜೆಕ್ಷನ್ ತೆಗೆದುಕೊಂಡರೆ ಆ ದಿನ ಗಾಡಿ ಓಡಿಸುವ ಹಾಗಿಲ್ಲ, ಮುಖ್ಯವಾದ ಕಾಗದಕ್ಕೆ ಸಹಿ ಹಾಕುವ ಹಾಗೂ ಇಲ್ಲ. ಇದೆಲ್ಲವನ್ನೂ ಮೊದಲೇ ಕೇಳಿಕೊಳ್ಳಿ.

ಎರಡನೇ ಸಲ ಇವರೇ ಒಟ್ಟಿಗೆ ಬಂದರು. ನೊರೆ ತೆಗೆಯಲು ಒಂದು ಲೋಟ ಬಿಳಿ ನೀರು ಕುಡಿಸಿದರು. ಗಂಟಲಿಗೆ ಕಹಿ ಸ್ಪ್ರೇ ಹಾಕಿದರು. ಎರಡು ನಿಮಿಷದಲ್ಲಿ ಗಂಟಲು ದಪ್ಪವಾದ ಹಾಗೆ, ಉಗುಳು ನುಂಗಲೂ ಆಗುವುದಿಲ್ಲವೇನೋ ಅನ್ನುವ ಹಾಗೆ ಆಯಿತು. ಅದು ಬರೀ ಮರಗಟ್ಟಿದ್ದು, ಉಸಿರಿಗೆ ತೊಂದರೆಯಿಲ್ಲ. ಎಡಮಗ್ಗುಲಲ್ಲಿ ಮಲಗಿಸಿ ಬಾಯಿಗೆ ಪ್ಲಾಸ್ಟಿಕ್ ಬಳೆಯಂಥದ್ದನ್ನು ಕಚ್ಚಿಸಿದರು. ಆಮೇಲೆ ನೆನಪಿಲ್ಲ. ಕಣ್ಣು ಬಿಟ್ಟಾಗ ಇವರ ಮುಖ ಸಣ್ಣದಾಗಿತ್ತು.

ಹೊಟ್ಟೆಯ ಮೇಲ್ಭಾಗದಲ್ಲಿ ನಾಲ್ಕು ಚಿಕ್ಕ ಪಾಲಿಪ್, ಕೆಳಭಾಗದಲ್ಲಿ ಒಂದು ದೊಡ್ಡದು, ಒಂದೂವರೆ ಸೆಂಟಿಮೀಟರ್. ಬಯಾಪ್ಸಿಗೆ ಚೂರು ತೆಗೆದಿದ್ದೇವೆ ಎಂದು ಇವರಿಗೆ ಹೇಳಿದ್ದರು. ನನ್ನ ಸೋದರಮಾವ ತೀರಿಕೊಂಡಿದ್ದು ಹೊಟ್ಟೆಯ ಕ್ಯಾನ್ಸರಿನಿಂದ. ನಮ್ಮ ಮನೆಯಲ್ಲಿ ಬಯಾಪ್ಸಿ ಅಂದರೆ ಅದೊಂದೇ ಅರ್ಥ.

ಆ ಚೂರುಗಳನ್ನು ಲ್ಯಾಬಿಗೆ ನಾವೇ ಒಯ್ಯಬೇಕಿತ್ತು. ಹೆಬ್ಬೆರಳಿನಷ್ಟು ಎತ್ತರದ ಎರಡು ಬಾಟಲಿ. ಒಳಗೆ ಚೂರು ಕೆಡದ ಹಾಗೆ ಇಡುವ ಫಾರ್ಮಲಿನ್ ದ್ರವ, ತಳದಲ್ಲಿ ಅಕ್ಕಿನುಚ್ಚಿನಂಥ ಬಿಳಿ ಚೂರುಗಳು. ಇವರು ಅಂಗಿಯ ಜೇಬಿನಲ್ಲಿಟ್ಟು, ಮೇಲೆ ಅಂಗೈ ಮುಚ್ಚಿಕೊಂಡು ನಡೆದರು. ಲ್ಯಾಬಿನಲ್ಲಿ ಒಂದು ಬಾಟಲಿ ತೆಗೆದುಕೊಳ್ಳಲಿಲ್ಲ. ಹೊಟ್ಟೆಯ ಯಾವ ಜಾಗದ ಚೂರು ಎಂದು ಅದರ ಮೇಲೆ ಬರೆದಿರಲಿಲ್ಲ. ಪುನಃ ಎಂಡೋಸ್ಕೋಪಿ ರೂಮಿಗೆ ಹೋಗಿ, ಮುಂದಿನ ರೋಗಿಯದ್ದು ಮುಗಿಯುವವರೆಗೆ ಕಾದು, ಬರೆಸಿಕೊಂಡು ಬಂದರು. ಬಾಟಲಿ ಕೈಗೆ ಕೊಟ್ಟಾಗಲೇ ಹೆಸರು, ವಯಸ್ಸು, ಜಾಗ ಮೂರನ್ನೂ ಓದಿ ನೋಡಿ. ಎರಡು ಬಾಟಲಿ ಅದಲು ಬದಲಾದರೆ ಚಿಕಿತ್ಸೆಯೇ ಬದಲಾಗುತ್ತದೆ. ಆ ದಿನ ಎಂಡೋಸ್ಕೋಪಿಗೆ 3,200, ಬಯಾಪ್ಸಿಗೆ 2,200 ಆಯಿತು.

ಐದು ದಿನದಲ್ಲಿ ಬರಬೇಕಾದ ರಿಪೋರ್ಟಿಗೆ ಹದಿಮೂರು ದಿನ ಆಯಿತು. "ಇನ್ನೊಂದು ಬಣ್ಣ ಹಾಕಿ ನೋಡಬೇಕಂತೆ" ಎಂದಷ್ಟೇ ಫೋನಿನಲ್ಲಿ ಹೇಳಿದರು. ತಡ ಆಗುತ್ತಿದೆ ಅಂದರೆ ಕೆಟ್ಟದ್ದೇ ಇರಬೇಕು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಕ್ಯಾಶ್ ಎಣಿಸುವಾಗ ಎರಡು ಸಲ ಲೆಕ್ಕ ತಪ್ಪಿತು, ಹದಿನೆಂಟು ವರ್ಷದಲ್ಲಿ ಹಾಗಾಗಿರಲಿಲ್ಲ. ರಾತ್ರಿ ಎದ್ದು ಎಂಡೋಸ್ಕೋಪಿಯ ರಿಪೋರ್ಟಿನಲ್ಲಿದ್ದ ಫೋಟೋಗಳನ್ನು ನೋಡುತ್ತಿದ್ದೆ. ಚಿಕ್ಕವು ನೆನೆಸಿದ ಸಾಬಕ್ಕಿಯ ಹಾಗೆ, ನುಣ್ಣಗೆ, ಸುತ್ತಲಿನ ಬಣ್ಣದ್ದೇ. ದೊಡ್ಡದು ನೆಲಗಡಲೆ ಬೀಜದಷ್ಟಿತ್ತು. ಕಡು ಕೆಂಪು. ತುದಿ ತರಚಿದ ಹಾಗೆ, ಅಲ್ಲಿ ಬಿಳಿ ಲೋಳೆ ಅಂಟಿತ್ತು. ಅದೇ ಜಾಗದಿಂದ ಸ್ವಲ್ಪ ಸ್ವಲ್ಪವೇ ರಕ್ತ ಜಿನುಗುತ್ತಿದ್ದದ್ದು.

ಈ ಹದಿಮೂರು ದಿನ ನೆಂಟರಿಷ್ಟರು ಹೇಳಿದ ಮದ್ದುಗಳಿಗೆ ಲೆಕ್ಕವಿಲ್ಲ. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೂ ರಿಪೋರ್ಟ್ ಬರುವವರೆಗೆ ಯಾವ ಕಷಾಯವನ್ನೂ ಕುಡಿಯಲಿಲ್ಲ. ಒಳಗೇನಿದೆ ಎಂದೇ ಗೊತ್ತಿಲ್ಲದಿರುವಾಗ ಯಾವುದಕ್ಕೆ ಮದ್ದು ಮಾಡುವುದು?

ರಿಪೋರ್ಟ್ ಹಿಡಿದುಕೊಂಡು ಹೋದ ದಿನ ಡಾಕ್ಟರ್ ಒಂದು ಖಾಲಿ ಹಾಳೆಯಲ್ಲಿ ಜಠರದ ಚಿತ್ರ ಬಿಡಿಸಿದರು. ಪಾಲಿಪ್ ಅಂದರೆ ಒಳಪದರದ ಮೇಲೆ ಎದ್ದ ಗಂಟು ಅಷ್ಟೇ, ಅದು ಯಾವ ಜಾತಿಯದ್ದು ಎಂಬುದು ಮುಖ್ಯ ಎಂದರು. ಸಾಬಕ್ಕಿಯಂಥ ನಾಲ್ಕು, ಫಂಡಿಕ್ ಗ್ಲ್ಯಾಂಡ್ ಪಾಲಿಪ್. ನನ್ನ ಗ್ಯಾಸಿನ ಮಾತ್ರೆಯ ಹಾಗೆ ಆಸಿಡ್ ಕಡಿಮೆ ಮಾಡುವ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಇವು ಕಾಣಿಸಿಕೊಳ್ಳುತ್ತವೆ. ಸಾಮಾನ್ಯವಾಗಿ ಇವುಗಳಿಂದ ತೊಂದರೆಯಿಲ್ಲ. ಎಳೆಯ ವಯಸ್ಸಿನವರಲ್ಲಿ ತುಂಬಾ ಸಂಖ್ಯೆಯಲ್ಲಿ ಇದ್ದರೆ ಮಾತ್ರ ಮನೆತನದಲ್ಲಿ ಬರುವ ಕರುಳಿನ ಕಾಯಿಲೆ ಇದೆಯಾ ಎಂದು ನೋಡುತ್ತಾರಂತೆ. ಕೆಂಪಗಿನ ದೊಡ್ಡದು, ಹೈಪರ್‌ಪ್ಲಾಸ್ಟಿಕ್ ಪಾಲಿಪ್. ಹೊಟ್ಟೆಯ ಪದರ ಬಹಳ ಕಾಲ ಊದಿಕೊಂಡಿದ್ದರೆ ಇದು ಬೆಳೆಯುತ್ತದೆ. ಮೂರನೆಯ ಜಾತಿ ಅಡಿನೋಮಾ. ಅದು ಮುಂದೆ ಕ್ಯಾನ್ಸರ್ ಆಗಬಹುದು, ಹಾಗಾಗಿ ಸಣ್ಣದಿದ್ದರೂ ಬಿಡುವುದಿಲ್ಲ. ನನ್ನಲ್ಲಿ ಅದು ಇರಲಿಲ್ಲ.

ರಿಪೋರ್ಟಿನಲ್ಲಿ ನಾನು ಹುಡುಕಬೇಕಾದ ಪದ ಯಾವುದು ಎಂದು ಕೇಳಿದೆ. ಡಿಸ್‌ಪ್ಲೇಸಿಯಾ ಎಂಬ ಪದದ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದರು. ಜೀವಕೋಶಗಳು ದಾರಿ ತಪ್ಪಲು ಶುರುಮಾಡಿವೆ ಎಂದು ಅದರ ಅರ್ಥ. ನನ್ನದರಲ್ಲಿ ಅದು ಇಲ್ಲ ಎಂದು ಬರೆದಿತ್ತು. ಆ ಗೆರೆ ಈಗಲೂ ಫೈಲಿನಲ್ಲಿದೆ.

ಇನ್ನೊಂದು ಬಣ್ಣ ಹಾಕಿ ನೋಡಿದ್ದು ಯಾಕೆ ಎಂದು ಆಗ ಗೊತ್ತಾಯಿತು. ಎಚ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಇದ್ದರೆ ಪದರ ಊದಿಕೊಳ್ಳುತ್ತದೆ. ಎಂಡೋಸ್ಕೋಪಿ ದಿನವೇ ಒಂದು ಚೂರನ್ನು ಹಳದಿ ಜೆಲ್ ಇರುವ ಚಿಕ್ಕ ಕಿಟ್ಟಿನಲ್ಲಿ ಇಟ್ಟಿದ್ದರು. ಬ್ಯಾಕ್ಟೀರಿಯಾ ಇದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗಬೇಕು. ನನ್ನದು ಹಳದಿಯಾಗಿಯೇ ಉಳಿದಿತ್ತು. ಆದರೆ ನಾನು ಆ ದಿನದವರೆಗೂ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದೆ. ಆ ಮಾತ್ರೆ ಇದ್ದರೆ ಬ್ಯಾಕ್ಟೀರಿಯಾ ಅಡಗಿಕೊಂಡು ಪರೀಕ್ಷೆ ಸುಳ್ಳು ಹೇಳುತ್ತದೆ. ಎರಡು ವಾರ ಮೊದಲು ನಿಲ್ಲಿಸಬೇಕಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ, ಇದು ನನಗೆ ಈಗಲೂ ಬೇಸರದ ವಿಷಯ. ಸಂಶಯ ಬಂದು ಇನ್ನೊಂದು ಬಣ್ಣ ಹಾಕಿ ನೋಡಿ, ಬ್ಯಾಕ್ಟೀರಿಯಾ ಇದೆ ಎಂದು ಕಂಡುಹಿಡಿದ ಲ್ಯಾಬಿನ ಡಾಕ್ಟರಿಗೆ ನಾನು ಥ್ಯಾಂಕ್ಸ್ ಹೇಳಬೇಕು. ನಿಮಗೆ ಎಂಡೋಸ್ಕೋಪಿ ಬರೆದುಕೊಟ್ಟರೆ, ಗ್ಯಾಸಿನ ಮಾತ್ರೆ ನಿಲ್ಲಿಸಬೇಕಾ, ಎಷ್ಟು ದಿನ ಮೊದಲು ಎಂದು ನೀವೇ ಬಾಯಿಬಿಟ್ಟು ಕೇಳಿ.

ಹದಿನಾಲ್ಕು ದಿನದ ಕೋರ್ಸ್. ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್ ಎಂಬ ಎರಡು ಆಂಟಿಬಯಾಟಿಕ್, ಜೊತೆಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ, ದಿನಕ್ಕೆ ಎರಡು ಹೊತ್ತು. ಮೂರನೇ ದಿನದಿಂದ ಬಾಯಲ್ಲಿ ತಾಮ್ರದ ಚೊಂಬು ನೆಕ್ಕಿದಂಥ ಕಹಿ. ನೀರು ಕುಡಿದರೂ ಕಹಿ, ಮಲ್ಲಿಗೆ ಮೂಸಿದರೂ ಕಹಿ ಅನ್ನಿಸುತ್ತಿತ್ತು. ಕುಚ್ಚಲಕ್ಕಿ ಗಂಜಿಗೆ ಸ್ವಲ್ಪ ಉಪ್ಪು ಹಾಕಿ ತೆಳಿ ಕುಡಿದರೆ ಮಾತ್ರ ಹಿಡಿಸುತ್ತಿತ್ತು. ಎಂಟನೇ ದಿನ ಬಿಟ್ಟೇಬಿಡುತ್ತೇನೆ ಎಂದಾಗ ಮಗಳು ಹತ್ತಿರ ಕೂತು ಒಂದು ಕಥೆ ಓದಿ ಹೇಳಿದಳು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಡಾಕ್ಟರ್, ಹೊಟ್ಟೆ ಹುಣ್ಣಿಗೆ ಈ ಬ್ಯಾಕ್ಟೀರಿಯಾ ಕಾರಣ ಎಂದರೆ ಯಾರೂ ನಂಬದಿದ್ದಾಗ, 1984ರಲ್ಲಿ ತಾನೇ ಅದನ್ನು ಕುಡಿದುಬಿಟ್ಟರಂತೆ. ಕೆಲವೇ ದಿನದಲ್ಲಿ ಹೊಟ್ಟೆ ಊದಿಕೊಂಡು ವಾಂತಿ ಶುರುವಾಯಿತಂತೆ. 2005ರಲ್ಲಿ ಅವರಿಗೂ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. "ಅವರು ಕುಡಿದಿದ್ದಾರೆ ಅಮ್ಮ, ನೀನು ಬರೀ ಮಾತ್ರೆ ನುಂಗು" ಎಂದಳು. ನುಂಗಿದೆ. ಮಧ್ಯದಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾ ಆ ಮದ್ದಿಗೆ ಜಗ್ಗದ ಹಾಗೆ ಆಗುತ್ತದೆ, ಆಮೇಲೆ ಚಿಕಿತ್ಸೆ ಇನ್ನೂ ಕಷ್ಟ.

ಬ್ಯಾಕ್ಟೀರಿಯಾ ಹೋದರೆ ಹೈಪರ್‌ಪ್ಲಾಸ್ಟಿಕ್ ಪಾಲಿಪ್ ತಾನಾಗಿಯೇ ಕರಗುವುದೂ ಉಂಟು. ಹಾಗಾದರೆ ಕಾಯಬಹುದಲ್ವಾ ಎಂದು ಕೇಳಿದೆ. ನನ್ನದು ಒಂದು ಸೆಂಟಿಮೀಟರಿಗಿಂತ ದೊಡ್ಡದು, ಮೇಲಾಗಿ ರಕ್ತ ಸೋರುತ್ತಿದೆ, ತೆಗೆಯುವುದೇ ಒಳ್ಳೆಯದು ಎಂದರು. ಬಯಾಪ್ಸಿಯಲ್ಲಿ ನೋಡುವುದು ಒಂದೆರಡು ಚೂರು ಮಾತ್ರ. ಪೂರ್ತಿ ಗಂಟನ್ನು ಲ್ಯಾಬಿನಲ್ಲಿ ನೋಡಿದರೆ ಮಾತ್ರ ಖಾತ್ರಿ. ಆಗಸ್ಟ್ ಕೊನೆಗೆ ದಿನ ಗೊತ್ತಾಯಿತು.

ಈಗ ಇನ್ಶೂರೆನ್ಸಿನ ಕಥೆ. ಒಂದೇ ದಿನದಲ್ಲಿ ಮುಗಿಯುವ ಕೆಲಸ, ಡೇಕೇರ್ ಎಂದು ನಗದುರಹಿತ ಸೌಲಭ್ಯಕ್ಕೆ ಅರ್ಜಿ ಹಾಕಿದೆವು. ಎರಡು ಕಡೆ ಸಿಕ್ಕಿಹಾಕಿಕೊಂಡಿತು. ಪಾಲಿಸಿಯಲ್ಲಿ ನನ್ನ ಹೆಸರಿನ ಮುಂದೆ ಮನೆಯವರ ಹೆಸರು, ಆಧಾರ್‌ನಲ್ಲಿ ಬರೀ ಇನಿಶಿಯಲ್. ಅದಕ್ಕೊಂದು ಪತ್ರ. ಮತ್ತೆ, ಇದನ್ನು ಆಸ್ಪತ್ರೆಗೆ ಸೇರಿಸಿಕೊಂಡು ಮಾಡುವ ಅಗತ್ಯವೇನು ಎಂದು ಕೇಳಿದರು. ಅದಕ್ಕೆ ಡಾಕ್ಟರ್ ಹಿಮೋಗ್ಲೋಬಿನ್ ರಿಪೋರ್ಟ್, ಪಾಲಿಪ್ ಅಳತೆ ಎಲ್ಲ ಸೇರಿಸಿ ಬರೆದುಕೊಟ್ಟರು. ಒಪ್ಪಿಗೆ ಬಂದಿದ್ದು ಹಿಂದಿನ ದಿನ ಸಂಜೆ ಐದಕ್ಕೆ. ಬಿಲ್ 46,300. ಕಂಪನಿ ಕೊಟ್ಟಿದ್ದು 35,000. ಜುಲೈ ತಿಂಗಳ ಎಂಡೋಸ್ಕೋಪಿ ಮತ್ತು ಬಯಾಪ್ಸಿ ಖರ್ಚು ಸಿಗಲಿಲ್ಲ, ಯಾಕೆಂದರೆ ನನ್ನ ಪಾಲಿಸಿಯಲ್ಲಿ ದಾಖಲಾಗುವ ಮೊದಲಿನ 30 ದಿನದ ಖರ್ಚು ಮಾತ್ರ ಲೆಕ್ಕಕ್ಕೆ. ನನಗೆ 48 ದಿನ ಆಗಿತ್ತು. ನಿಮ್ಮ ಪಾಲಿಸಿಯಲ್ಲಿ ಎಷ್ಟು ದಿನ ಎಂದು ನೋಡಿಕೊಂಡೇ ದಿನ ಗೊತ್ತುಮಾಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ಹಣ ಕಟ್ಟುವ ಮೊದಲೇ ಆಸ್ಪತ್ರೆಯ ಆ ಕೌಂಟರಿನಲ್ಲಿ ವಿಚಾರಿಸಿ.

ರಕ್ತ ಎಲ್ಲೆಲ್ಲಿಂದ ಹೋಗುತ್ತಿದೆ ಎಂದು ಪೂರ್ತಿ ತಿಳಿಯಲು ಅದೇ ದಿನ ಕೊಲೊನೋಸ್ಕೋಪಿಯೂ (ದೊಡ್ಡ ಕರುಳಿನೊಳಗೆ ಕ್ಯಾಮೆರಾದಿಂದ ನೋಡುವುದು) ಆಯಿತು. ಹಿಂದಿನ ರಾತ್ರಿ ಕರುಳು ತೊಳೆಯುವ ನೀರು ಕುಡಿದು ಎಷ್ಟು ಸಲ ಎದ್ದೆನೋ. ರಕ್ತ ಕಡಿಮೆ ಇದ್ದದ್ದಕ್ಕೆ ನುಂಗುತ್ತಿದ್ದ ಕಬ್ಬಿಣದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಿದ್ದರು. ದೊಡ್ಡ ಕರುಳಿನಲ್ಲಿ ಏನೂ ಇರಲಿಲ್ಲ.

ಪಕ್ಕದ ಬೆಡ್ಡಿನಲ್ಲಿ ಉಡುಪಿ ಕಡೆಯ ಒಬ್ಬ ಹಿರಿಯರಿದ್ದರು. ಅವರಿಗೂ ಪಾಲಿಪ್ ತೆಗೆಯಬೇಕಿತ್ತು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಅದನ್ನು ಹೇಳಿದ್ದು ಅವತ್ತೇ. ಹೃದಯದ ಡಾಕ್ಟರನ್ನು ಕೇಳಿಕೊಂಡು ಬನ್ನಿ ಎಂದು ವಾಪಸು ಕಳಿಸಿದರು. ಅಂಥ ಮಾತ್ರೆ ಇರುವವರು ನೀವಾಗಿಯೇ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ಇಬ್ಬರೂ ಡಾಕ್ಟರುಗಳು ಸೇರಿ ಹೇಳಬೇಕು.

ಪಾಲಿಪ್ ತೆಗೆದದ್ದು ನನಗೆ ಗೊತ್ತಾಗಲಿಲ್ಲ, ಆಮೇಲೆ ಡಾಕ್ಟರ್ ವಿವರಿಸಿದರು. ಬುಡಕ್ಕೆ ಇಂಜೆಕ್ಷನ್ ಕೊಟ್ಟು ಉಬ್ಬಿಸುತ್ತಾರೆ. ತಂತಿಯ ಕುಣಿಕೆ ಹಾಕಿ ಬಿಗಿದು ಕರೆಂಟ್ ಹಾಯಿಸಿ ಕತ್ತರಿಸುತ್ತಾರೆ. ರಕ್ತ ಬರದ ಹಾಗೆ ಆ ಜಾಗಕ್ಕೆ ಒಂದು ಚಿಕ್ಕ ಲೋಹದ ಕ್ಲಿಪ್ ಕಚ್ಚಿಸಿದ್ದರು. ಅದು ಕೆಲವು ವಾರದಲ್ಲಿ ತಾನಾಗಿ ಬಿದ್ದುಹೋಗುತ್ತದೆ. ಅಷ್ಟರೊಳಗೆ ಎಂಆರ್‌ಐ ಮಾಡಿಸುವ ಪ್ರಸಂಗ ಬಂದರೆ ಕ್ಲಿಪ್ ಇದೆ ಎಂದು ಹೇಳಲೇಬೇಕು. ಒಂದು ದಿನ ನೀರಿನಂಥ ಆಹಾರ, ಒಂದು ವಾರ ಮೆತ್ತಗಿನ ಅನ್ನ, ಎರಡು ವಾರ ಭಾರ ಎತ್ತುವ ಹಾಗಿಲ್ಲ. ಮಲ ಡಾಂಬರಿನ ಹಾಗೆ ಕಪ್ಪಾದರೆ, ರಕ್ತ ವಾಂತಿಯಾದರೆ, ಹೊಟ್ಟೆನೋವು ಜೋರಾದರೆ ಕೂಡಲೇ ಬರಬೇಕು. ರಕ್ತಸ್ರಾವ ಕೆಲವು ದಿನ ಬಿಟ್ಟೂ ಆಗಬಹುದು ಎಂದು ಎಚ್ಚರಿಸಿದ್ದರು.

ಆರನೇ ದಿನ ಮಲ ಕಪ್ಪಗೆ ಹೋಯಿತು. ರಾತ್ರಿ ಹತ್ತು ಗಂಟೆ. ಇವರು ಆಗಲೇ ಕಾರಿಗಾಗಿ ಪಕ್ಕದ ಮನೆಯ ಭಾವನಿಗೆ ಫೋನ್ ಮಾಡುತ್ತಿದ್ದರು. ಡಿಸ್ಚಾರ್ಜ್ ಚೀಟಿಯಲ್ಲಿದ್ದ ನಂಬರಿಗೆ ನಾನು ಮಾಡಿದೆ. ಆ ಕಡೆಯ ಡಾಕ್ಟರ್ ನಿಧಾನವಾಗಿ ಕೇಳಿದರು. ಅಂಟಂಟಾಗಿದೆಯಾ? ಕೆಟ್ಟ ನಾತ ಇದೆಯಾ? ತಲೆ ತಿರುಗುತ್ತಾ? ಕಬ್ಬಿಣದ ಮಾತ್ರೆ ಪುನಃ ಶುರುಮಾಡಿದ್ದೀರಾ? ಮೂರು ದಿನದ ಹಿಂದೆ ಶುರುಮಾಡಿದ್ದೆ. ಕಬ್ಬಿಣದಿಂದಲೂ ಮಲ ಕಪ್ಪಾಗುತ್ತದೆ, ಅಂಟು ಮತ್ತು ನಾತ ಇಲ್ಲ, ತಲೆಯೂ ತಿರುಗುತ್ತಿಲ್ಲ, ಬೆಳಗ್ಗೆ ರಕ್ತ ಪರೀಕ್ಷೆ ಮಾಡಿಸಿ ಎಂದರು. ಬೆಳಗ್ಗೆ ಹಿಮೋಗ್ಲೋಬಿನ್ ಇಳಿದಿರಲಿಲ್ಲ. ಆದರೂ ಆ ರಾತ್ರಿ ಫೋನ್ ಮಾಡಿದ್ದೇ ಸರಿ. ನೀವೂ ಸುಮ್ನೆ ಕೂರಬೇಡಿ, ನೀವೇ ನಿರ್ಧರಿಸಬೇಡಿ.

ಎರಡನೇ ಲ್ಯಾಬ್ ರಿಪೋರ್ಟ್ ಒಂದು ವಾರಕ್ಕೇ ಬಂತು. ಹೈಪರ್‌ಪ್ಲಾಸ್ಟಿಕ್, ಡಿಸ್‌ಪ್ಲೇಸಿಯಾ ಇಲ್ಲ, ಗಂಟು ಪೂರ್ತಿ ಬಂದಿದೆ. ಈ ಸಲ ಗೆರೆ ನಾನೇ ಎಳೆದೆ.

ನಿಜವಾದ ಕಷ್ಟ ಇದ್ದದ್ದು ಸೆಪ್ಟೆಂಬರ್ ಕೊನೆಗೆ. ಗಾಯ ಮಾಯಲು ನಾಲ್ಕು ವಾರ ಆಸಿಡ್ ಮಾತ್ರೆ ಕೊಟ್ಟು, ಆಮೇಲೆ ಪೂರ್ತಿ ನಿಲ್ಲಿಸಿದರು. ಬ್ಯಾಕ್ಟೀರಿಯಾ ಹೋಗಿದೆಯಾ ಎಂದು ನೋಡುವ ಉಸಿರಿನ ಪರೀಕ್ಷೆಗೆ ಎರಡು ವಾರ ಆ ಮಾತ್ರೆ ಇರಬಾರದು, ಆಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಆಗಿರಬೇಕು. ಏಳು ವರ್ಷದ ಮಾತ್ರೆ ಒಮ್ಮೆಲೇ ನಿಂತಾಗ ಆಸಿಡ್ ಮೊದಲಿಗಿಂತ ಜಾಸ್ತಿ ಉಕ್ಕುತ್ತದೆ. ಎದೆಯ ನಡುವೆ ಕೆಂಡ ಇಟ್ಟ ಹಾಗೆ. ಸಂಜೆ ಏಳಕ್ಕೇ ಊಟ ಮುಗಿಸಿ, ಮಂಚದ ತಲೆಯ ಕಡೆಯ ಕಾಲುಗಳಿಗೆ ಎರಡು ಇಟ್ಟಿಗೆ ಇಟ್ಟು ಮಲಗಿದೆ. ಹುಳಿ, ಖಾರ, ಗೋಳಿಬಜೆ ಎಲ್ಲ ಬಿಟ್ಟೆ. ಹತ್ತು ದಿನ ಹೀಗಾಯಿತು, ಆಮೇಲೆ ತಾನಾಗಿ ಇಳಿಯಿತು. ಇದು ಬರುತ್ತದೆ, ಹೋಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ತಡೆದುಕೊಳ್ಳಬಹುದು. ನಾನಂತೂ ಮಾತ್ರೆ ಇಲ್ಲದೆ ಬದುಕಲಾರೆ ಎಂದು ಅಳುವ ಹಾಗಾಗಿದ್ದೆ. ನವರಾತ್ರಿ ಸಮಯಕ್ಕೆ ಚೀಲದೊಳಗೆ ಊದಿ ಬಂದೆ. ಬ್ಯಾಕ್ಟೀರಿಯಾ ಇಲ್ಲ ಎಂದು ಬಂತು.

ಮೊನ್ನೆಯ ಎಂಡೋಸ್ಕೋಪಿಗೆ ನಾನು ಇಂಜೆಕ್ಷನ್ ಬೇಡ ಎಂದೆ. ಒಂದು ಸಲ ಕಣ್ಣಾರೆ ನೋಡಬೇಕಿತ್ತು. ಸ್ಪ್ರೇ ಮಾತ್ರ. ಓಕರಿಕೆ ಬಂತು, ಕಣ್ಣಲ್ಲಿ ನೀರು ಸುರಿಯಿತು, ಸಿಸ್ಟರ್ ಹೆಗಲು ಹಿಡಿದುಕೊಂಡು "ಮೂಗಲ್ಲಿ ಉಸಿರಾಡಿ ಅಕ್ಕ, ಉಸಿರಾಡಿ" ಎನ್ನುತ್ತಿದ್ದರು. ಡಾಕ್ಟರ್ ಟಿವಿಯನ್ನು ನನ್ನ ಕಡೆ ತಿರುಗಿಸಿದರು. ನಸುಗೆಂಪು ಮಡಿಕೆಗಳ ನಡುವೆ ಒಂದು ಬಿಳಿ ಗುರುತು, ಸುತ್ತಲಿನ ಪದರವನ್ನು ಸ್ವಲ್ಪ ಎಳೆದುಕೊಂಡಿತ್ತು. ಮೊದಲು ಆ ನೆಲಗಡಲೆ ಇದ್ದ ಜಾಗ. ಸಾಬಕ್ಕಿ ಕಾಳುಗಳಲ್ಲಿ ಎರಡು ಮಾತ್ರ ಕಂಡವು. ಅವು ಅಲ್ಲೇ ಇರಲಿ ಎಂದರು.

ಹಿಮೋಗ್ಲೋಬಿನ್ 12.1 ಆಗಿದೆ. ಆಫೀಸಿನ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತೇನೆ. ಒಂದು ವರ್ಷ ಬಿಟ್ಟು ಪುನಃ ಬರಲು ಹೇಳಿದ್ದಾರೆ. ಆಗಲೂ ಸ್ಪ್ರೇ ಸಾಕು ಅನ್ನುತ್ತೇನೆ.